ಅಡುಗೆಮನೆಗೆ ನೀಲಿ ಬೇಡ ಅಂದವರ ಪಟ್ಟಿ (ಮತ್ತು ಯಾರೂ ಕೇಳದ ಒಬ್ಬಳು)

1/8

ಮೊದಲನೇ ಫೋಟೋ ಸರಿಯಾಗಿ ನೋಡಿ. ಎಡಗಡೆ ತಿಳಿ ನೀಲಿ, ಬಲಗಡೆ ಕಡು ನೀಲಿ, ಮೇಲ್ಗಡೆ ನಾನು ಮೂರನೇ ಕ್ಲಾಸಲ್ಲಿದ್ದಾಗ ಬಳಿದಿದ್ದ ಕ್ರೀಮ್ ಬಣ್ಣ. ಕ್ರೀಮ್ ಅನ್ನೋದು ಮರ್ಯಾದೆಗೆ. ಈಗ ಅದು ಹಳೇ ಎಣ್ಣೆ ಬಾಟಲಿ ತಳದ ಬಣ್ಣ. ಇದು ತುಮಕೂರಲ್ಲಿರೋ ನಮ್ಮನೆ ಅಡುಗೆಮನೆ. ಎಂಟಡಿ ಅಗಲ, ಒಂಬತ್ತಡಿ ಉದ್ದ, ಕಡಪ ಕಲ್ಲಿನ ಕಟ್ಟೆ, ಕೆಂಪು ರೆಡ್ ಆಕ್ಸೈಡ್ ನೆಲ, ಒಂದೇ ಕಿಟಕಿ.

ಹೋದ ವಾರ ಸ್ಟೋರಿಲಿ ಈ ಗೋಡೆ ಹಾಕಿದ್ದಕ್ಕೆ ಮೂರು ಥರ ಮೆಸೇಜ್ ಬಂತು. ಹುಡುಗೀರೆಲ್ಲ "ಶೇಡ್ ಯಾವುದು?" ಅಂದ್ರು. ಹುಡುಗರು "ಏನ್ ಗುರು, ಅಡುಗೆಮನೆ ಸೇರ್ಕೊಂಡ್ಯಾ" ಅಂದ್ರು. ಸಂಬಂಧಿಕರು "ಅಡುಗೆಮನೆಗೆ ನೀಲಿ ಬಳೀಬಾರದು ಕಣೋ" ಅಂದ್ರು. ಮೂವರಿಗೂ ಸೇರಿಸಿ ಒಂದೇ ಸಲ ಉತ್ತರ ಬರೀತಿದೀನಿ. ಎಂಟು ಪೋಸ್ಟ್ ಆಗಿದೆ, ಟೀ ತಗೊಂಡು ಕೂತ್ಕೊಳ್ಳಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಅಡುಗೆಮನೆಗೆ ನೀಲಿ ಚೆನ್ನಾಗಿರುತ್ತೆ. ಆದ್ರೆ ಯಾವ ನೀಲಿ, ಎಷ್ಟು, ಎಲ್ಲಿ ಅಂತ ಹೇಳೋ ಹಕ್ಕು ವಾಸ್ತು ಹೇಳೋರಿಗೂ ಇಲ್ಲ, ರೀಲ್ಸ್ ಮಾಡೋರಿಗೂ ಇಲ್ಲ, ನನಗಂತೂ ಇರಲೇ ಇಲ್ಲ. ಇದನ್ನ ತಿಳ್ಕೊಳ್ಳೋಕೆ ನನಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಮತ್ತು ಒಂದು ಒಬ್ಬೆ ನಿಪ್ಪಟ್ಟು ಖರ್ಚಾಯ್ತು.

2/8

ಮೊದಲು ದೊಡ್ಡಪ್ಪ. (ಅವರು ಈ ಅಕೌಂಟ್ ಫಾಲೋ ಮಾಡ್ತಾರೆ. ದೊಡ್ಡಪ್ಪ, ಬೇಜಾರ್ ಮಾಡ್ಕೋಬೇಡಿ.)

ಅವರ ವಾದ ಹೀಗೆ. ಅಡುಗೆಮನೆ ಆಗ್ನೇಯ ಮೂಲೆ, ಅದು ಅಗ್ನಿಯ ಜಾಗ. ನೀಲಿ ನೀರಿನ ಬಣ್ಣ. ಬೆಂಕಿ ಇರೋ ಕಡೆ ನೀರು ತಂದಿಟ್ರೆ ಮನೇಲಿ ಜಗಳ, ಖರ್ಚು, ಅನಾರೋಗ್ಯ. ಕೆಂಪು, ಕಿತ್ತಳೆ, ಹಳದಿ ಬಳೀರಿ, ಸರಿ ಹೋಗುತ್ತೆ.

ನಾನು ವಾಸ್ತು ನಂಬೋರನ್ನ ಆಡ್ಕೊಳ್ಳೋನಲ್ಲ. ನಮ್ಮ ಮನೆಯ ಒಲೆ ಕೂಡ ಅದನ್ನ ನೋಡ್ಕೊಂಡೇ ಇಟ್ಟಿರೋದು. ಆದ್ರೆ ದೊಡ್ಡಪ್ಪನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ, ಲೈಟ್ ಆರಿಸಿ, ಗ್ಯಾಸ್ ಹಚ್ಚಿ ತೋರಿಸಿದೆ. ಉರಿ ಯಾವ ಬಣ್ಣ? ನೀಲಿ. ಚೆನ್ನಾಗಿ ಉರಿಯೋ ಗ್ಯಾಸ್ ಒಲೆ ಬೆಂಕಿ ಯಾವತ್ತೂ ನೀಲಿನೇ. ಬರ್ನರ್ ತೂತಲ್ಲಿ ಕಸ ಕಟ್ಕೊಂಡು ಗಾಳಿ ಸಾಲದೆ ಹೋದಾಗ ಉರಿ ಹಳದಿ ಆಗುತ್ತೆ, ಪಾತ್ರೆ ತಳ ಮಸಿ ಹಿಡಿಯುತ್ತೆ. ಹಳದಿ ಉರಿ ಕಂಡ್ರೆ ಅಮ್ಮ ತಕ್ಷಣ ಬರ್ನರ್ ಬಿಚ್ಚಿ ಪಿನ್ನು ಹಿಡೀತಾಳೆ. ಅಂದ್ರೆ ಈ ಕಾಲದ ಅಡುಗೆಮನೇಲಿ ಅಗ್ನಿಯ ಆರೋಗ್ಯದ ಬಣ್ಣನೇ ನೀಲಿ.

ದೊಡ್ಡಪ್ಪ ಒಂದ್ನಿಮಿಷ ಸುಮ್ಮನಿದ್ದು "ಅದು ಗ್ಯಾಸು ಕಣೋ, ಅಗ್ನಿ ಅಂದ್ರೆ ಸೌದೆ" ಅಂದ್ರು. ವಾದದಲ್ಲಿ ಗೆದ್ದೆ ಅಂತ ನಾನು ಹೇಳ್ತಿಲ್ಲ. ಸೌದೆ ಒಲೆ ಊದಿ ಊದಿ ಕಣ್ಣು ಕೆಂಪು ಮಾಡ್ಕೊಂಡೋರು ಯಾರು ಅಂತ ಮಾತ್ರ ಕೇಳ್ಬೇಕು ಅನ್ನಿಸಿತ್ತು, ಕೇಳಲಿಲ್ಲ.

3/8

ಎರಡನೇ ವಾದ ನಮ್ಮ ವಯಸ್ಸಿನವರದ್ದು. "ನೀಲಿ ಹಸಿವು ಕಮ್ಮಿ ಮಾಡುತ್ತೆ, ಅದಕ್ಕೇ ಹೋಟೆಲ್‌ಗಳಲ್ಲಿ ಕೆಂಪು ಹಳದಿ ಇರೋದು." ಈ ಮಾತು ಹೇಳೋ ರೀಲ್ ನನಗೆ ಕನಿಷ್ಠ ಐದು ಜನ ಕಳ್ಸಿದ್ರು.

ಇದರ ಹಿಂದೆ ಒಂದು ಸಣ್ಣ ಸತ್ಯ ಇರಬಹುದು. ನಾವು ತಿನ್ನೋ ಪದಾರ್ಥಗಳಲ್ಲಿ ನಿಜವಾದ ನೀಲಿ ಬಹಳ ಅಪರೂಪ. ನೇರಳೆ ಹಣ್ಣು ಹೆಸರಲ್ಲೇ ನೇರಳೆ. ಬದನೆಕಾಯಿ ಸಿಪ್ಪೆ ಕಪ್ಪು ನೇರಳೆ, ಬೆಂದಮೇಲೆ ಕಂದು. ಶಂಖಪುಷ್ಪದ ಟೀ ಒಂದು ನೀಲಿ, ಅದಕ್ಕೂ ನಿಂಬೆಹಣ್ಣು ಹಿಂಡಿದ್ರೆ ನೇರಳೆಗೆ ತಿರುಗುತ್ತೆ. ಹಾಗಾಗಿ ನೀಲಿ ಅನ್ನ ತಟ್ಟೆಗೆ ಹಾಕಿದ್ರೆ ಕೈ ಹಿಂದೆ ಹೋಗೋದು ಸಹಜ. ಆದ್ರೆ ಗೋಡೆನ ಯಾರು ತಿಂತಾರೆ?

ಚಿತ್ರಕಾರ ಕ್ಲಾಡ್ ಮೊನೆ ಹೆಸರು ಕೇಳಿರ್ತೀರಿ, ತಾವರೆ ಕೊಳದ ಚಿತ್ರ ಬರೆದವನು. ಫ್ರಾನ್ಸಿನ ಜಿವರ್ನಿ ಅನ್ನೋ ಹಳ್ಳೀಲಿ 1883ರಿಂದ 1926ರಲ್ಲಿ ಸಾಯೋ ತನಕ ಇದ್ದ. ಆ ಮನೆ ಈಗ ನೋಡೋಕೆ ಬಿಟ್ಟಿದ್ದಾರೆ, ಫೋಟೋ ಹುಡುಕಿ. ಊಟದ ಕೋಣೆ ಪೂರ್ತಿ ಹಳದಿ, ಅದರ ಪಕ್ಕದ ಅಡುಗೆಮನೆ ಗೋಡೆ ತುಂಬ ನೀಲಿ ಬಿಳಿ ಟೈಲ್ಸ್. ಗೋಡೆಗೆ ತಾಮ್ರದ ಪಾತ್ರೆಗಳು ಸಾಲಾಗಿ ನೇತಾಡ್ತವೆ. ಆ ನೀಲಿ ಮೇಲೆ ತಾಮ್ರ ಎಷ್ಟು ಚೆಂದ ಕಾಣುತ್ತೆ ಅಂದ್ರೆ, ನಮ್ಮ ಅಜ್ಜಿ ಹಂಡೆ ಮಾರಿದ್ದಕ್ಕೆ ನನಗೆ ಈಗ ಹೊಟ್ಟೆ ಉರೀತಿದೆ. ಮೊನೆ ಊಟಪ್ರಿಯ, ಹಸಿವು ಕಮ್ಮಿ ಆದವನಂತೆ ಯಾವ ಫೋಟೋಲೂ ಕಾಣಲ್ಲ.

ಆದ್ರೆ ಒಂದು ವಿಷಯ. ಆ ಮನೇಲಿ ಅಡುಗೆ ಮಾಡ್ತಿದ್ದದ್ದು ಅಡುಗೆಯವರು, ಮೊನೆ ಅಲ್ಲ. ಇದನ್ನ ನೆನಪಿಟ್ಕೊಳ್ಳಿ, ನನ್ನ ಕಥೆಗೆ ಬೇಕಾಗುತ್ತೆ.

4/8

ಈಗ ನನ್ನ ಘನಕಾರ್ಯ.

ನಮ್ಮಮ್ಮ ಆರ್ಡರ್ ಮೇಲೆ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಮಾಡಿಕೊಡ್ತಾಳೆ. ಬೆಳಿಗ್ಗೆ ಮನೆ ಅಡುಗೆ ಮುಗಿಸಿ ಹತ್ತೂವರೆಗೆ ಬಾಣಲೆ ಇಟ್ರೆ ಸಂಜೆ ನಾಲ್ಕಾಗುತ್ತೆ. ಹಬ್ಬದ ಸೀಸನ್ ಬಂದ್ರೆ ರಾತ್ರಿನೂ ಉಂಟು. ನನ್ನ ಕಾಲೇಜ್ ಫೀಸಲ್ಲಿ ದೊಡ್ಡ ಪಾಲು ಆ ಬಾಣಲೆಯಿಂದ ಎದ್ದಿದ್ದು. ಕ್ಲಾಸಲ್ಲಿ ನಾವು ಫ್ಯಾಕ್ಟರಿ ಓವರ್‌ಹೆಡ್ ಬಗ್ಗೆ ಓದ್ತೀವಲ್ಲ, ನಮ್ಮನೇಲಿ ಫ್ಯಾಕ್ಟರಿ ಅಂದ್ರೆ ಅದೇ ಎಂಟು ಒಂಬತ್ತರ ಕೋಣೆ.

ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿ ಒಂದಿಷ್ಟು ದುಡ್ಡು ಕೂಡಿಟ್ಟಿದ್ದೆ. ಅಮ್ಮನಿಗೆ ಸರ್ಪ್ರೈಸ್ ಕೊಡೋಣ ಅಂತ ಪ್ಲಾನ್. ಸೇವ್ ಮಾಡಿಟ್ಟಿದ್ದ ಒಂದು ರೀಲ್‌ನಲ್ಲಿ ಕಡು ನೀಲಿ ಅಡುಗೆಮನೆ, ಬಂಗಾರದ ಬಣ್ಣದ ಹಿಡಿಕೆಗಳು, ಮೂಲೇಲಿ ಒಂದು ಗಿಡ, ಕಟ್ಟೆ ಮೇಲೆ ಎರಡು ನಿಂಬೆಹಣ್ಣು. ಅದೇ ಬೇಕು ಅಂತ ಪೇಂಟ್ ಅಂಗಡಿಗೆ ಹೋಗಿ ಸ್ಕ್ರೀನ್‌ಶಾಟ್ ತೋರಿಸಿದೆ. ಅಂಗಡಿಯವರು "ಕಿಚನ್ ಎಷ್ಟು ದೊಡ್ಡದು? ಕಿಟಕಿ ಎಷ್ಟು?" ಅಂತ ಕೇಳಿದ್ರು. "ದೊಡ್ಡದೇ ಇದೆ ಅಣ್ಣ" ಅಂದೆ. ಸುಳ್ಳು. ಮಷೀನಲ್ಲಿ ಬಣ್ಣ ಬೆರೆಸಿ ನಾಲ್ಕು ಲೀಟರ್ ಡಬ್ಬ ಕೊಟ್ರು, ಸಾವಿರದ ಒಂಬೈನೂರು ಚಿಲ್ಲರೆ. ಕಡು ಬಣ್ಣಕ್ಕೆ ಬೇರೆ ಬೇಸ್ ಬೇಕು, ರೇಟೂ ಜಾಸ್ತಿ ಅಂತ ಅವತ್ತು ಗೊತ್ತಾಯ್ತು. ಒಂದ್ಸಲ ಬಣ್ಣ ಬೆರೆಸಿದ ಡಬ್ಬ ವಾಪಸ್ ತಗೊಳ್ಳಲ್ಲ ಅನ್ನೋದೂ ಬಿಲ್ ಮೇಲೆ ಸಣ್ಣಕ್ಷರದಲ್ಲಿತ್ತು. ಕಂಪನಿ ಲಾ ಓದೋ ನಾನು ಅದನ್ನ ಓದಿರಲಿಲ್ಲ.

ಭಾನುವಾರ ಅಮ್ಮ ಅಪ್ಪ ತಿಪಟೂರಿಗೆ ಗೃಹಪ್ರವೇಶಕ್ಕೆ ಹೋದ್ರು. ನಾನು, ನಮ್ಮ ಕ್ಲಾಸಿನ ಇಬ್ಬರು ಮಹಾನುಭಾವರು (ಟ್ಯಾಗ್ ಮಾಡಲ್ಲ, ಅವರಿಗೇ ಗೊತ್ತು) ಸೇರಿ ಒಲೆ ಇರೋ ಗೋಡೆ, ಅದರ ಪಕ್ಕದ ಗೋಡೆ ಎರಡೂ ಬಳಿದ್ವಿ. ಜಿಡ್ಡು ಸರಿಯಾಗಿ ತೊಳೀಲಿಲ್ಲ, ಪ್ರೈಮರ್ ಹಾಕಲಿಲ್ಲ. ಸಂಜೆ ಬಿಸಿಲಲ್ಲಿ ಫೋಟೋ ತೆಗೆದಾಗ ಮಾತ್ರ, ದೇವರಾಣೆ, ರೀಲ್ ಥರನೇ ಇತ್ತು.

5/8

ಅಮ್ಮ ರಾತ್ರಿ ಬಂದು ನೋಡಿ "ಚೆನ್ನಾಗಿದೆ ಕಣೋ" ಅಂದ್ಲು. ಅಷ್ಟೇ.

ಮಾರನೇ ದಿನ ನಾಮಕರಣದ್ದೊಂದು ಆರ್ಡರ್ ಇತ್ತು. ಮಧ್ಯಾಹ್ನ ಕಾಲೇಜಿಂದ ಬಂದಾಗ ಕಂಡದ್ದು ಹೇಳ್ತೀನಿ. ಸಕ್ಕರೆ ಡಬ್ಬಕ್ಕೆ ಮೊಬೈಲ್ ಒರಗಿಸಿ, ಟಾರ್ಚ್ ಹಾಕ್ಕೊಂಡು ಅಮ್ಮ ನಿಪ್ಪಟ್ಟು ಕರೀತಿದ್ಲು. ಹಗಲು ಎರಡು ಗಂಟೆ. ಪಕ್ಕದ ತಟ್ಟೇಲಿ ಒಂದು ಒಬ್ಬೆ ಪೂರ್ತಿ ಕಂದಿ ಕಪ್ಪಾಗಿದ್ವು.

"ಕೆಂಪಗಾಗಿದ್ದು ಗೊತ್ತಾಗಲಿಲ್ಲ. ರೂಢಿ ಆಗುತ್ತೆ ಬಿಡು" ಅಂದ್ಲು.

ಬಯ್ದಿದ್ರೆ ಎಷ್ಟೋ ವಾಸಿ ಇತ್ತು. ನಿಪ್ಪಟ್ಟು ಎಣ್ಣೆಯಿಂದ ತೆಗೆಯೋಕೆ ಟೈಮರ್ ಇಲ್ಲ ಕಣ್ರಪ್ಪ. ಕಣ್ಣಲ್ಲೇ ನೋಡ್ಬೇಕು, ಗುಳ್ಳೆ ಕಮ್ಮಿ ಆಯ್ತಾ, ಬಣ್ಣ ತಿರುಗಿತಾ ಅಂತ. ಕಡು ಬಣ್ಣದ ಗೋಡೆ ಬೆಳಕು ನುಂಗುತ್ತೆ, ವಾಪಸ್ ಕೊಡಲ್ಲ. ಒಂದೇ ಕಿಟಕಿ, ಅದೂ ಪಕ್ಕದ ಮನೆ ಕಾಂಪೌಂಡ್ ಕಡೆ. ರೀಲ್‌ನ ಅಡುಗೆಮನೆಗೆ ಒಂದು ಇಡೀ ಗೋಡೆ ಗಾಜಿತ್ತು, ನಾನು ಬಣ್ಣ ಮಾತ್ರ ನೋಡಿದ್ದೆ. ಮೇಲಾಗಿ ಆ ರೀಲನ್ನ ಆಮೇಲೆ ಹತ್ತು ಸಲ ನೋಡಿದೆ. ಎಲ್ಲೂ ಎಣ್ಣೆ ಡಬ್ಬ ಇಲ್ಲ, ಕಸದ ಬುಟ್ಟಿ ಇಲ್ಲ, ಪಾತ್ರೆ ಒರೆಸೋ ಬಟ್ಟೆ ಇಲ್ಲ. ಅಲ್ಲಿ ಯಾರೂ ಒಗ್ಗರಣೆ ಹಾಕಿಲ್ಲ.

ಅಪ್ಪ ಹೇಳಿದ್ದು "ದುಡ್ಡು ಹಾಕಿದ್ದಾಯ್ತಲ್ಲ, ಇರ್ಲಿ ಬಿಡು, ಇನ್ನೆರಡು ಗೋಡೆನೂ ಬಳಿದುಬಿಡು" ಅಂತ. ಇದಕ್ಕೇ ನಮ್ಮ ಪುಸ್ತಕದಲ್ಲಿ ಸಂಕ್ ಕಾಸ್ಟ್ ಅಂತಾರೆ. ಹೋದ ದುಡ್ಡು ಹೋಯ್ತು, ಅದನ್ನ ನೋಡ್ಕೊಂಡು ಮುಂದಿನ ನಿರ್ಧಾರ ಮಾಡ್ಬಾರದು. ಇಂಟರ್ನಲ್ಸ್‌ನಲ್ಲಿ ಐದಕ್ಕೆ ಐದು ಬರೆದಿದ್ದೆ. ಮನೇಲಿ ಅಪ್ಪನ ಮಾತು ಕೇಳಿ ಎರಡು ದಿನ ಸುಮ್ಮನಿದ್ದೆ.

6/8

ಆ ಎರಡು ದಿನದಲ್ಲಿ ಒಂದು ಹಳೇ ವಿಷಯ ಓದಿದೆ. ಇದು ನಿಮಗೂ ಇಷ್ಟ ಆಗುತ್ತೆ, ವಿಶೇಷವಾಗಿ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಟೇಲರ್ ಬಗ್ಗೆ ಬಾಯಿಪಾಠ ಮಾಡಿದವರಿಗೆ.

1926ರಲ್ಲಿ ಮಾರ್ಗರೆಟ್ ಶುಟ್ಟೆ ಲಿಹೋಟ್ಸ್ಕಿ ಅನ್ನೋ ಆಸ್ಟ್ರಿಯಾದ ಆರ್ಕಿಟೆಕ್ಟ್, ಜರ್ಮನಿಯ ಫ್ರಾಂಕ್‌ಫರ್ಟ್ ಊರಿನ ಹೊಸ ವಸತಿ ಮನೆಗಳಿಗೆ ಒಂದು ಅಡುಗೆಮನೆ ಡಿಸೈನ್ ಮಾಡಿದ್ಲು. ಅಗಲ ಎರಡು ಮೀಟರ್ ಕೂಡ ಇಲ್ಲ, ಉದ್ದ ಮೂರೂವರೆ ಮೀಟರ್ ಹತ್ತಿರ. ಟೇಲರ್ ಫ್ಯಾಕ್ಟರಿಲಿ ಕೆಲಸಗಾರನ ಒಂದೊಂದು ಚಲನೆಗೂ ಗಡಿಯಾರ ಹಿಡಿದ ಹಾಗೆ, ಇವಳು ಅಡುಗೆ ಮಾಡೋರ ಹೆಜ್ಜೆ ಲೆಕ್ಕ ಹಾಕಿ ಯಾವ ಡ್ರಾಯರ್ ಎಲ್ಲಿರಬೇಕು ಅಂತ ತೀರ್ಮಾನಿಸಿದ್ಲು. ಆ ಥರದ್ದು ಸುಮಾರು 10,000 ಅಡುಗೆಮನೆ ಕಟ್ಟಿದ್ರು. ಅದರ ಕಪಾಟುಗಳಿಗೆ ಬಳಿದ ಬಣ್ಣ? ಹಸಿರು ಬೆರೆತ ನೀಲಿ. ನೊಣ ನೀಲಿ ಬಣ್ಣದ ಹತ್ತಿರ ಬರಲ್ಲ ಅಂತ ಆಗ ನಂಬಿದ್ರು.

ನೊಣದ ವಿಷಯ ಬಿಡಿ, ನಮ್ಮನೆ ನೊಣಗಳಿಗೆ ಆ ನಂಬಿಕೆ ಇಲ್ಲ. ನನಗೆ ತಟ್ಟಿದ್ದು ಬೇರೆ. ಆಕೆ ಅಡುಗೆಮನೆನ ಕೆಲಸದ ಜಾಗ ಅಂತ ನೋಡಿದ್ಲು. ಫ್ಯಾಕ್ಟರಿ, ಆಫೀಸು, ಲ್ಯಾಬು ಎಲ್ಲದಕ್ಕೂ ಬೆಳಕು ಎಷ್ಟಿರಬೇಕು, ಗಾಳಿ ಎಷ್ಟಿರಬೇಕು ಅಂತ ಲೆಕ್ಕ ಇರುತ್ತೆ. ನಾನು ಮಾತ್ರ ನಮ್ಮಮ್ಮ ದಿನಕ್ಕೆ ಏಳೆಂಟು ಗಂಟೆ ನಿಲ್ಲೋ ಜಾಗನ ನನ್ನ ಒಂದು ಫೋಟೋದ ಬ್ಯಾಕ್‌ಗ್ರೌಂಡ್ ಅಂತ ನೋಡಿದ್ದೆ. ನಾನು ಆ ಗೋಡೆ ಎದುರು ದಿನಕ್ಕೆ ನಿಲ್ಲೋದು ಹತ್ತು ನಿಮಿಷ, ಅದೂ ಡಬ್ಬದಿಂದ ಚಕ್ಕುಲಿ ಕದಿಯೋಕೆ.

ಮೊನೆ ಮತ್ತು ನಾನು ಇದೊಂದರಲ್ಲಿ ಸೇಮ್.

7/8

ಬುಧವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಗೀತಿದ್ಲು. ಪಕ್ಕದಲ್ಲಿ ಕೂತು ಕೇಳಿದೆ, "ಅಮ್ಮ, ನಿಂಗೆ ಯಾವ ಬಣ್ಣ ಬೇಕಿತ್ತು?"

"ನಂಗಾ?" ಅಂದ್ಲು. ಈ "ನಂಗಾ" ಅನ್ನೋದನ್ನ ಎಷ್ಟು ಆಶ್ಚರ್ಯದಿಂದ ಅಂದ್ಲು ಅಂದ್ರೆ, ಈ ಸೀರೀಸ್ ಬರೆಯೋಕೆ ಕಾರಣನೇ ಅದು. ಮದುವೆಯಾಗಿ ಬಂದು 22 ವರ್ಷ, ಆ ಕೋಣೆಗೆ ಎರಡು ಸಲ ಬಣ್ಣ ಬಳಿದಿದ್ದಾರೆ. ಮೊದಲನೇ ಸಲ ತಾತ ಹೇಳಿದ ಬಣ್ಣ, ಎರಡನೇ ಸಲ ಹಾಲ್‌ಗೆ ತಂದು ಮಿಕ್ಕಿದ್ದ ಬಣ್ಣ.

ಆಮೇಲೆ ಬಕೆಟ್ ಕಡೆ ಕೈ ತೋರಿಸಿ "ಇದು" ಅಂದ್ಲು. ಅಪ್ಪನ ಬಿಳಿ ಶರ್ಟಿಗೆ ನೀಲಿ ಕದಡಿದ್ದ ನೀರು.

ಅವಳ ತೌರುಮನೆ ಅಡುಗೆಮನೆ ಅದೇ ಬಣ್ಣ ಇತ್ತಂತೆ. ಪ್ರತಿ ಯುಗಾದಿಗೆ ನಮ್ಮಜ್ಜಿ ಸುಣ್ಣ ಕದಡಿ, ಅದಕ್ಕೆ ಬಟ್ಟೆಗೆ ಹಾಕೋ ನೀಲಿ ಪುಡಿನೇ ಬೆರೆಸಿ, ನಾರಿನ ಬ್ರಷ್‌ನಲ್ಲಿ ಹೊಡೀತಿದ್ಲಂತೆ. ಹೊಡೆದಾಗ ಗಾಢ, ಒಣಗಿದ ಮೇಲೆ ತೆಳು. ವರ್ಷ ಪೂರ್ತಿ ಹೊಗೆ ಹಿಡಿದು ಕಪ್ಪಾಗಿದ್ದ ಕೋಣೆ ಒಂದೇ ದಿನದಲ್ಲಿ ಬೆಳ್ಳಗೆ, ಆದ್ರೆ ಕಣ್ಣಿಗೆ ಚುಚ್ಚದ ಹಾಗೆ ತಣ್ಣಗೆ. ಅವತ್ತು ಮಕ್ಕಳೆಲ್ಲ ಅಲ್ಲೇ ಊಟಕ್ಕೆ ಕೂರ್ತಿದ್ರಂತೆ.

ಈ ನೀಲಿ ಪುಡಿ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಚಂಪಾರಣ್‌ನಲ್ಲಿ 1917ರಲ್ಲಿ ಗಾಂಧೀಜಿ ರೈತರ ಪರ ನಿಂತಿದ್ದು ಗಿಡದ ನೀಲಿಗೆ. ಇದು ಅದಲ್ಲ. ಇದು ಅಲ್ಟ್ರಾಮರೀನ್. ಮೊದಲು ಈ ಬಣ್ಣ ಅಂದ್ರೆ ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟದಲ್ಲಿ ಸಿಗೋ ಲ್ಯಾಪಿಸ್ ಲಾಜುಲಿ ಕಲ್ಲನ್ನ ಅರೆದು ತೆಗೀಬೇಕಿತ್ತು. ಯುರೋಪಿನ ಚಿತ್ರಕಾರರು ಅದನ್ನ ಉಳಿಸಿ ಉಳಿಸಿ ಬಳಸ್ತಿದ್ರು, ಅಷ್ಟು ದುಬಾರಿ. 1824ರಲ್ಲಿ ಫ್ರಾನ್ಸಿನ ಒಂದು ಸಂಘ, ಇದನ್ನ ಕೃತಕವಾಗಿ ಅಗ್ಗಕ್ಕೆ ಮಾಡೋರಿಗೆ 6,000 ಫ್ರಾಂಕ್ ಬಹುಮಾನ ಅಂತ ಘೋಷಿಸ್ತು. 1828ರಲ್ಲಿ ಗಿಮೆ ಅನ್ನೋನಿಗೆ ಅದು ಸಿಕ್ತು. ಅಲ್ಲಿಂದ ಬೆಲೆ ಬಿದ್ದು ಬಿದ್ದು, ರಾಜರ ಬಣ್ಣ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಬಂತು. ಸುಣ್ಣದ ಕ್ಷಾರಕ್ಕೆ ಎಷ್ಟೋ ಬಣ್ಣ ಕೆಟ್ಟು ಹೋಗ್ತವೆ, ಅಲ್ಟ್ರಾಮರೀನ್ ತಡ್ಕೊಳ್ಳುತ್ತೆ. ಆಮ್ಲ ಬಿದ್ರೆ ಮಾತ್ರ ಹೋಯ್ತು. ಅಜ್ಜಿ ಹುಣಸೆಹುಳಿ ಕಿವುಚೋ ಪಾತ್ರೆನ ಗೋಡೆಯಿಂದ ದೂರ ಇಡ್ತಿದ್ಲು ಅಂತ ಅಮ್ಮ ಹೇಳಿದ್ಲು. ಕೆಮಿಸ್ಟ್ರಿ ಓದಿ ಇಟ್ಟಿದ್ದಲ್ಲ, ಒಂದು ವರ್ಷ ಕಲೆ ಆಗಿತ್ತು, ಅಷ್ಟೇ.

8/8

ಬಕೆಟ್ ನೀರಿನ ಬಣ್ಣ ಪೇಂಟ್ ಅಂಗಡಿಗೆ ಹೇಗೆ ತಗೊಂಡು ಹೋಗೋದು? ಫೋಟೋ ತೆಗೆದೆ, ಫೋನಲ್ಲಿ ಬೂದಿ ಬಣ್ಣ ಬಂತು. ಕೊನೆಗೆ ಅಪ್ಪನ ಹಳೇ ಕರ್ಚೀಫ್ ನೀಲೀಲಿ ಅದ್ದಿ, ಒಣಗಿಸಿ, ಅದನ್ನ ಹಿಡ್ಕೊಂಡು ಹೋದೆ. ಈ ಸಲ ಅಮ್ಮನೂ ಬಂದ್ಲು. ಅಂಗಡಿಯವರು ಶೇಡ್ ಕಾರ್ಡ್ ಬಿಚ್ಚಿ ಕರ್ಚೀಫ್ ಇಟ್ಟು ನೋಡಿ, ಅದಕ್ಕಿಂತ ಒಂದು ಮನೆ ತೆಳು ಇರೋದನ್ನ ತೋರಿಸಿದ್ರು. "ಕಾರ್ಡಲ್ಲಿ ಬೆರಳಷ್ಟು ಕಾಣೋದು ನಾಲ್ಕು ಗೋಡೆಗೆ ಬಂದಾಗ ಗಾಢ ಆಗುತ್ತಮ್ಮ" ಅಂತ ಅಮ್ಮನಿಗೆ ಹೇಳಿದ್ರು. ನನಗೆ ಹೇಳಲಿಲ್ಲ, ನನ್ನ ಮುಖ ನೆನಪಿತ್ತು ಅನ್ಸುತ್ತೆ.

ಸುಣ್ಣ ಯಾಕೆ ಹೊಡೀಲಿಲ್ಲ ಅಂತ ಕೇಳ್ಬೇಡಿ, ಹಳೇ ಪೇಂಟ್ ಮೇಲೆ ಸುಣ್ಣ ನಿಲ್ಲಲ್ಲ, ಸಿಪ್ಪೆ ಏಳುತ್ತೆ. ಒರೆಸೋಕೆ ಬರೋ ಎಮಲ್ಷನ್ನೇ ತಂದ್ವಿ. ನನ್ನ ಕಡು ನೀಲಿ ಮುಚ್ಚೋಕೆ ಮೊದಲು ಸೋಪಿನ ನೀರಲ್ಲಿ ಜಿಡ್ಡು ತೊಳೆದು, ಪ್ರೈಮರ್ ಹೊಡೆದು, ಆಮೇಲೆ ಮೂರು ಕೋಟ್. ಬೇರೆ ಗೋಡೆಗೆ ಎರಡೇ ಸಾಕಾಯ್ತು. ಪ್ರೈಮರ್, ಹೊಸ ಪೇಂಟ್, ಬ್ರಷ್ ಎಲ್ಲ ಸೇರಿ ಇನ್ನೆರಡು ಸಾವಿರ. ಟ್ಯೂಷನ್ ದುಡ್ಡು ಖಾಲಿ. ಒಲೆ ಹಿಂದೆ ಎರಡಡಿ ಮಾತ್ರ ಬಿಳಿ ಟೈಲ್ಸ್ ಬರಬೇಕು, ಅದು ದೀಪಾವಳಿ ಆರ್ಡರ್ ಆದ್ಮೇಲೆ ಅಂತ ಅಮ್ಮನೇ ಬಜೆಟ್ ಹಾಕಿದ್ದಾಳೆ.

ಬಾಡಿಗೆ ಮನೆ, ಪಿಜಿಲಿ ಇರೋರು ಕೇಳ್ತಿದ್ರಲ್ಲ, ಗೋಡೆ ಮುಟ್ಟೋ ಹಾಗಿಲ್ಲ ಏನ್ ಮಾಡೋದು ಅಂತ. ಶೆಲ್ಫಿಗೆ ಹಾಸೋ ಶೀಟ್, ಕಿಟಕಿಗೆ ಒಂದು ಕಾಟನ್ ಪರದೆ, ಸಾಕು. ದಯವಿಟ್ಟು ನೀಲಿ ಡಬ್ಬದ ಸೆಟ್ ಅಂತ ಸಾವಿರಗಟ್ಟಲೆ ಸುರೀಬೇಡಿ. ಅಮ್ಮ ಬೇಳೆ ಹಾಕಿಟ್ಟಿರೋ ಹಾರ್ಲಿಕ್ಸ್ ಬಾಟಲಿ ಇನ್ನೂ ಇಪ್ಪತ್ತು ವರ್ಷ ಬಾಳುತ್ತೆ, ಒಳಗೆ ಏನಿದೆ ಅಂತಾನೂ ಕಾಣುತ್ತೆ. ಲೈಟ್ ಮಾತ್ರ ನೋಡಿ ಹಾಕಿ. ಹಳದಿ ಬಲ್ಬ್ ಹಾಕಿದ್ರೆ ತಿಳಿ ನೀಲಿ ಮಂಕಾಗಿ ಬೂದಿ ಥರ ಕಾಣುತ್ತೆ, ತೀರಾ ಬಿಳಿ ಟ್ಯೂಬ್‌ಲೈಟ್‌ಗೆ ಆಸ್ಪತ್ರೆ ಥರ ಆಗುತ್ತೆ. ನಾವು ಮಧ್ಯದ್ದು ಹಾಕಿದೀವಿ. ಕೆಂಪು ನೆಲ ಇದ್ರೆ ನಿಮ್ಮ ಅದೃಷ್ಟ, ನೀಲಿಗೆ ಅದಕ್ಕಿಂತ ಒಳ್ಳೇ ಜೋಡಿ ನಾನು ನೋಡಿಲ್ಲ. ಯಾರಾದ್ರೂ ಅದರ ಮೇಲೆ ಟೈಲ್ಸ್ ಹಾಕಿಸೋಣ ಅಂದ್ರೆ ನನಗೆ ಮೆಸೇಜ್ ಮಾಡಿ, ಬಂದು ಜಗಳ ಆಡ್ತೀನಿ.

ಕಡು ನೀಲಿ ಡಬ್ಬದಲ್ಲಿ ಅರ್ಧ ಮಿಕ್ಕಿದೆ. ನನ್ನ ಓದೋ ಟೇಬಲ್‌ಗೆ ಬಳೀತೀನಿ, ನನ್ನ ತಪ್ಪು ನನ್ನ ಕಣ್ಮುಂದೆನೇ ಇರಲಿ.

ದೊಡ್ಡಪ್ಪ ಭಾನುವಾರ ಬಂದಿದ್ರು. ಗೋಡೆ ನೋಡಿದ್ರು, ಏನೂ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಎರಡು ನಿಪ್ಪಟ್ಟು ತಿಂದು, ಮೂರನೇದು ಕೈಗೆ ತಗೊಂಡು, "ನಮ್ಮಮ್ಮನೂ ಸುಣ್ಣಕ್ಕೆ ನೀಲಿ ಹಾಕ್ತಿದ್ಲು ಅಲ್ವಾ" ಅಂತ ಅಪ್ಪನನ್ನ ಕೇಳಿದ್ರು. ಅಪ್ಪನಿಗೆ ನೆನಪಿರಲಿಲ್ಲ.

ಕೊನೇ ಫೋಟೋದಲ್ಲಿ ಒಲೆ ಪಕ್ಕ ಗೋಡೆ ಮೇಲೆ ಸಣ್ಣ ಹಸಿರು ಚುಕ್ಕಿ ಇದೆಯಲ್ಲ, ಅದು ಡಿಸೈನ್ ಅಲ್ಲ. ಮೂರನೇ ದಿನಕ್ಕೇ ಒಗ್ಗರಣೆ ಸಿಡಿದು ನೀಲಿ ಮೇಲೆ ಅರಿಶಿನ ಬಿದ್ದಿದೆ. ಒರೆಸೋ ಡ್ಯೂಟಿ ನಂದು. ಈ ಪೋಸ್ಟ್ ಹಾಕಿ ಎದ್ದೆ.